ರಕ್ತದೊತ್ತಡಕ್ಕೆ ಮದ್ದಿಲ್ಲದ ಕಾಲ

ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ರಕ್ತದೊತ್ತಡ ಅಳೆಯುವ ಉಪಕರಣವನ್ನು ಇಟಲಿಯ ವೈದ್ಯ ರೀವಾ-ರೊಚ್ಚಿ 1896ರಲ್ಲಿ ರೂಪಿಸಿದರು. 1905ರಲ್ಲಿ ರಷ್ಯಾದ ಕೊರೊಟ್ಕೊಫ್ ಸ್ಟೆತೊಸ್ಕೋಪಿನ ನೆರವಿನಿಂದ ಮೇಲಿನ, ಕೆಳಗಿನ ಎರಡೂ ಒತ್ತಡಗಳನ್ನು ಗುರುತಿಸುವ ಕ್ರಮ ತೋರಿಸಿಕೊಟ್ಟರು. ಅಳತೆಯೇನೋ ಸಿಕ್ಕಿತು, ಆದರೆ ಏರಿದ ಒತ್ತಡವನ್ನು ಇಳಿಸಬೇಕೇ ಬೇಡವೇ ಎಂಬುದು ಮುಂದಿನ ಅರ್ಧ ಶತಮಾನ ಕಳೆದರೂ ತೀರ್ಮಾನವಾಗಲಿಲ್ಲ. ವಯಸ್ಸಾದಂತೆ ರಕ್ತನಾಳಗಳು ಪೆಡಸಾಗುತ್ತವೆ, ರಕ್ತ ಹರಿಯಬೇಕಾದರೆ ಒತ್ತಡ ಏರಲೇಬೇಕು, ಇಳಿಸಿದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದು ಎಂದು ಅನೇಕ ಹೆಸರಾಂತ ವೈದ್ಯರೇ ನಂಬಿದ್ದರು. ತರ್ಕಕ್ಕೆ ಕೂಡುವಂತಿದ್ದ ತಪ್ಪಾದ್ದರಿಂದ ಅದು ಬೇಗ ಅಲುಗಲಿಲ್ಲ.

ಆ ಕಾಲದ ರೋಗಿಗಳಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ಅವರ ಆರೋಗ್ಯದ ಹೊಣೆ ಹೊತ್ತಿದ್ದ ರಾಸ್ ಮ್ಯಾಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞರು. 1944ರ ಮಾರ್ಚಿನಲ್ಲಿ ಹೃದ್ರೋಗ ತಜ್ಞ ಹೊವಾರ್ಡ್ ಬ್ರೂನ್ ಪರೀಕ್ಷಿಸಿದಾಗ ಒತ್ತಡ 186/108 ಇತ್ತು. ಹೃದಯ ಹಿಗ್ಗಿ ಸೋಲತೊಡಗಿತ್ತು. ಬ್ರೂನ್ ಡಿಜಿಟಾಲಿಸ್ ಕೊಟ್ಟರು, ಉಪ್ಪು ಮತ್ತು ಸಿಗರೇಟು ಕಡಿಮೆ ಮಾಡಿಸಿದರು, ವಿಶ್ರಾಂತಿ ಹೇಳಿದರು. ಇದರಿಂದ ಹೃದಯ ಚೇತರಿಸಿಕೊಂಡಿತು. ಒತ್ತಡವನ್ನೇ ಇಳಿಸಲು ನೆಚ್ಚಬಹುದಾದ ಮಾತ್ರೆ ಆಗ ಇರಲಿಲ್ಲ. ಅಧ್ಯಕ್ಷರು ಆರೋಗ್ಯವಾಗಿದ್ದಾರೆಂದೇ ಮ್ಯಾಕಿಂಟೈರ್ ಹೊರಗೆ ಹೇಳುತ್ತಿದ್ದರು; ರೂಸ್‌ವೆಲ್ಟ್ ನಾಲ್ಕನೆಯ ಬಾರಿಗೂ ಚುನಾವಣೆ ಗೆದ್ದರು. 1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ತೀವ್ರ ತಲೆನೋವೆಂದವರು ಪ್ರಜ್ಞೆ ತಪ್ಪಿದರು. ಮೇಲಿನ ಒತ್ತಡ 300 ದಾಟಿತ್ತು. ಮಿದುಳಿನ ರಕ್ತಸ್ರಾವದಿಂದ ಅದೇ ಮಧ್ಯಾಹ್ನ ತೀರಿಕೊಂಡಾಗ ಅವರಿಗೆ 63 ವರ್ಷ.

1948ರಲ್ಲಿ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಶುರುವಾದ ಅಧ್ಯಯನ 5,209 ಜನರನ್ನು ವರ್ಷಗಟ್ಟಲೆ ಗಮನಿಸಿತು. ಯಾವ ತೊಂದರೆಯೂ ಕಾಣದ ಅಧಿಕ ಒತ್ತಡವೇ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯಗಳ ಸಂಭವವನ್ನು ಹೆಚ್ಚಿಸುತ್ತದೆಂಬುದು ಅಲ್ಲಿಂದ ಸ್ಪಷ್ಟವಾಯಿತು. ಇಳಿಸಿದರೆ ಲಾಭವುಂಟೆಂಬುದಕ್ಕೆ ಪುರಾವೆ ಮಾತ್ರ ಬೇರೆಯೇ ಬೇಕಿತ್ತು.

ಅದು ಬರುವ ಹೊತ್ತಿಗೆ ಮದ್ದುಗಳು ಬಂದಿದ್ದವು. ಭಾರತದಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದ್ದ ಸರ್ಪಗಂಧದ ಬೇರು ಒತ್ತಡ ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. 1958ರಲ್ಲಿ ಮೂತ್ರ ಹೆಚ್ಚಿಸುವ ಕ್ಲೋರೋಥಯಜೈಡ್ ಬಳಕೆಗೆ ಬಂತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್, ಕೆಳಗಿನ ಒತ್ತಡ 115ರಿಂದ 129ರವರೆಗಿದ್ದ 143 ಪುರುಷರಲ್ಲಿ ಒಂದು ಗುಂಪಿಗೆ ರಿಸರ್ಪಿನ್ ಸೇರಿದ ಮದ್ದುಗಳನ್ನೂ ಇನ್ನೊಂದಕ್ಕೆ ಹುಸಿ ಮಾತ್ರೆಯನ್ನೂ ಕೊಟ್ಟು ನೋಡಿದರು. 1967ರ ವರದಿಯಂತೆ ಹುಸಿ ಮಾತ್ರೆಯವರಲ್ಲಿ 27 ಮಂದಿ ಗಂಭೀರ ತೊಂದರೆಗೆ ಸಿಕ್ಕಿದ್ದರು. ಮದ್ದು ಪಡೆದವರಲ್ಲಿ ಇಬ್ಬರು. ಇದಕ್ಕಿಂತ ಕಡಿಮೆ ಒತ್ತಡದವರಿಗೂ ಮದ್ದಿನಿಂದ ಲಾಭವಿದೆಯೆಂದು 1970ರಲ್ಲಿ ಗೊತ್ತಾಯಿತು. 1972ರಲ್ಲಿ ಅಮೆರಿಕ ಸರ್ಕಾರ ಅಧಿಕ ರಕ್ತದೊತ್ತಡದ ಬಗ್ಗೆ ರಾಷ್ಟ್ರವ್ಯಾಪಿ ತಿಳಿವಳಿಕೆ ಕಾರ್ಯಕ್ರಮ ಆರಂಭಿಸಿತು.