ಹೆಸರಿಡುವುದು

‘ಹೆಸರಿಡು’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ತೊಟ್ಟಿಲ ಕೂಸಿಗೆ ಹೆಸರಿಡುವುದು ಒಂದು. ಕಂಡವರ ನಡೆನುಡಿಯಲ್ಲಿ ಕೊಂಕು ತೆಗೆಯುವುದು ಇನ್ನೊಂದು. ಧಾರವಾಡದ ಕಡೆ ‘ಅವರಿಗೆ ಯಾಕ ಹೆಸರಿಡತೀರಿ?’ ಎಂದರೆ ಈ ಎರಡನೆಯ ಅರ್ಥವೇ. ರಾಜಕೀಯ ಮುಂದಾಳುಗಳಿಗೆ ಜನ ಕೊಡುವ ಅಡ್ಡಹೆಸರುಗಳಲ್ಲಿ ಈ ಎರಡೂ ಬೆರೆತಿರುತ್ತವೆ. ಅದು ಸಲಿಗೆಯೆ, ಅಗೌರವವೆ ಎಂಬ ಪ್ರಶ್ನೆ ಹುಟ್ಟುವುದು ಇದರಿಂದಲೇ.

ಅಡ್ಡಹೆಸರು ತಾನಾಗಿಯೇ ಅವಮಾನವಲ್ಲ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರನ್ನೇ ಅಡ್ಡಹೆಸರೆನ್ನುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಮನೆತನದವರು ಅದನ್ನು ತಲೆಯೆತ್ತಿ ಹೇಳಿಕೊಳ್ಳುತ್ತಾರೆ. ದೇವರನ್ನು ಏಕವಚನದಲ್ಲಿ ಕರೆದ ವಚನಕಾರರೂ ನಿಂದಾಸ್ತುತಿ ಹಾಡಿದ ಹರಿದಾಸರೂ ನಮ್ಮವರೇ. ಅವರ ಭಕ್ತಿಯನ್ನು ಯಾರೂ ಶಂಕಿಸಲಿಲ್ಲ. ಆದ್ದರಿಂದ ಶಬ್ದವನ್ನಷ್ಟೇ ನೋಡಿ ತೀರ್ಪು ಕೊಡುವಂತಿಲ್ಲ. ಅದನ್ನು ಆಡಿದವರಾರು, ಯಾರನ್ನು ಕುರಿತು ಆಡಿದರು, ಯಾವ ನೆಲೆಯಲ್ಲಿ ನಿಂತು ಆಡಿದರು ಎಂಬುದನ್ನು ನೋಡಬೇಕು. ಇದಕ್ಕೆ ಗಾಂಧೀಜಿಯವರ ಬಾಳಿಗಿಂತ ಒಳ್ಳೆಯ ಒರೆಗಲ್ಲು ಸಿಕ್ಕದು.

ಮೊದಲು ಬಿರುದಿನ ಮಾತು. 1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅಸಹಕಾರದ ಗೊತ್ತುವಳಿಯನ್ನು ವಿರೋಧಿಸಲು ಎದ್ದ ಜಿನ್ನಾ ಅವರು ‘ಮಿಸ್ಟರ್ ಗಾಂಧಿ’ ಎಂದರು. ‘ಮಹಾತ್ಮಾ ಗಾಂಧಿ’ ಎನ್ನಬೇಕೆಂದು ಸಭಿಕರು ಕೂಗಿದರು. ಬ್ಯಾರಿಸ್ಟರೊಬ್ಬರು ಇನ್ನೊಬ್ಬ ಬ್ಯಾರಿಸ್ಟರನ್ನು ಮಿಸ್ಟರ್ ಎಂದು ಕರೆದುದರಲ್ಲಿ ಅಗೌರವವೇನಿತ್ತು? ಜಿನ್ನಾ ಕಾಂಗ್ರೆಸ್ಸನ್ನು ತೊರೆದುದಕ್ಕೆ ಬೇರೆಯೇ ಆಳವಾದ ಕಾರಣಗಳಿದ್ದವು. ಆದರೆ ಆ ದಿನ ಭಿನ್ನಮತದ ಬಾಯಿಗೆ ಬೀಗವಾಗಿ ಬಂದದ್ದು ಒಂದು ಗೌರವದ ಹೆಸರು. ಸ್ವತಃ ಗಾಂಧೀಜಿ, ಮಹಾತ್ಮ ಎಂಬ ಪದವಿ ತಮ್ಮನ್ನು ಎಷ್ಟೋ ಸಲ ನೋಯಿಸಿದೆಯೆಂದು ಆತ್ಮಕಥೆಯ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ.

ಇನ್ನು ಹೀಗಳೆಯುವ ಹೆಸರು. 1931ರ ಫೆಬ್ರವರಿಯಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ನರೊಡನೆ ಮಾತುಕತೆಗೆ ತೊಡಗಿದ್ದರು. ಅದನ್ನು ಕೇಳಿ ಕೆರಳಿದ ಚರ್ಚಿಲ್ಲರು, ಫಕೀರನ ಸೋಗು ಹಾಕಿದ ವಕೀಲನೊಬ್ಬ ಅರೆಬೆತ್ತಲೆಯಾಗಿ ವೈಸರಾಯರ ಅರಮನೆಯ ಮೆಟ್ಟಿಲೇರುವುದೆಂದರೇನು ಎಂದು ಇಂಗ್ಲೆಂಡಿನ ಸಭೆಯೊಂದರಲ್ಲಿ ಮೂದಲಿಸಿದರು. ಲೋಕದ ನಾಲಗೆ ಆ ಎರಡು ಮಾತುಗಳನ್ನು ಬೆಸೆದು ‘ಅರೆಬೆತ್ತಲೆ ಫಕೀರ’ ಎಂದು ಉಳಿಸಿಕೊಂಡಿತು. ಇಲ್ಲಿ ಅಗೌರವ ಸ್ಪಷ್ಟ. ಆದರೆ ಅದು ತಾಗಿದ್ದು ಯಾರಿಗೆ? 1921ರ ಸೆಪ್ಟೆಂಬರಿನಲ್ಲಿ, ಮಧುರೆಯಲ್ಲಿ, ಗಾಂಧೀಜಿ ತುಂಡುಪಂಚೆ ಉಟ್ಟದ್ದು ಬಡವರ ಉಡುಗೆಯನ್ನು ತಮ್ಮದಾಗಿಸಿಕೊಳ್ಳಲೆಂದು. ಹೀಗಾಗಿ ಆ ಮೂದಲಿಕೆ ಅವರೊಬ್ಬರಿಗಿಂತ ಹೆಚ್ಚಾಗಿ, ಮೈತುಂಬ ಬಟ್ಟೆಯಿಲ್ಲದ ಕೋಟ್ಯಂತರ ಜನರಿಗೆ ತಾಗಿತು. 1944ರ ಜುಲೈಯಲ್ಲಿ ಗಾಂಧೀಜಿ ಅದೇ ಚರ್ಚಿಲ್ಲರಿಗೆ ಒಂದು ಕಾಗದ ಬರೆದರು. ತಾವು ಬಹುಕಾಲದಿಂದ ಫಕೀರನಾಗಲು ಯತ್ನಿಸುತ್ತಿರುವುದಾಗಿಯೂ, ಬೆತ್ತಲೆಯಾಗುವುದು ಅದಕ್ಕಿಂತ ಕಷ್ಟವೆಂದೂ, ಆದುದರಿಂದ ಆ ಮಾತನ್ನು ಪ್ರಶಂಸೆಯೆಂದೇ ಭಾವಿಸಿರುವುದಾಗಿಯೂ ಅದರಲ್ಲಿ ತಿಳಿಸಿದರು. ಹೆಸರಿಟ್ಟವರ ಕೈಯಿಂದ ಹೆಸರೇ ಜಾರಿಹೋಯಿತು!

ಸಲಿಗೆಯ ಹೆಸರು ಇನ್ನೊಂದು ಬಗೆ. ಸರೋಜಿನಿ ನಾಯ್ಡು ಅವರು ಗಾಂಧೀಜಿಯವರನ್ನು ‘ಮಿಕ್ಕಿ ಮೌಸ್’ ಎಂದು ಕರೆಯುತ್ತಿದ್ದರು, ಗಾಂಧೀಜಿ ನಗುತ್ತಿದ್ದರು. ಶಬ್ದವನ್ನಷ್ಟೇ ತೂಗಿದರೆ ರಾಷ್ಟ್ರನಾಯಕರನ್ನು ಇಲಿಯೆನ್ನುವುದು ಫಕೀರನೆನ್ನುವುದಕ್ಕಿಂತ ಹಗುರವಾದ ಮಾತು. ಆದರೆ ಹಾಗೆಂದ ಆಕೆ 1930ರಲ್ಲಿ, ಗಾಂಧೀಜಿ ಸೆರೆಯಾದ ಮೇಲೆ, ಧರಾಸನದ ಉಪ್ಪಿನ ಸತ್ಯಾಗ್ರಹದ ಮುಂದಾಳುತನ ವಹಿಸಿ ತಾವೂ ಸೆರೆಮನೆಗೆ ನಡೆದವರು. ಆ ಸಲಿಗೆ ಆಕೆ ಗಳಿಸಿಕೊಂಡದ್ದು.

ನಾಗಪುರದ ಕಥೆಗೆ ಒಂದು ಉತ್ತರಾರ್ಧವಿದೆ. 1944ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಗಾಂಧೀಜಿ ಮತ್ತು ಜಿನ್ನಾ ಮಾತುಕತೆ ನಡೆಸಿದಾಗ ಪರಸ್ಪರ ಕಾಗದಗಳನ್ನೂ ಬರೆದುಕೊಂಡರು. ಗಾಂಧೀಜಿ ಜಿನ್ನಾರನ್ನು ಸಂಬೋಧಿಸಿದ್ದು ‘ಕ್ವಾಯಿದ್-ಎ-ಆಜಂ’, ಎಂದರೆ ಮಹಾನಾಯಕ, ಎಂದು. ಜಿನ್ನಾ ಬರೆದದ್ದು ಹಿಂದಿನಂತೆಯೇ ‘ಮಿಸ್ಟರ್ ಗಾಂಧಿ’ ಎಂದು. ಬಿರುದು ಕೊಟ್ಟದ್ದರಿಂದ ಮಾತುಕತೆ ಫಲಿಸಲಿಲ್ಲ. ಮಿಸ್ಟರ್ ಎನಿಸಿಕೊಂಡದ್ದರಿಂದ ಗಾಂಧೀಜಿ ಕುಗ್ಗಲೂ ಇಲ್ಲ. ಅಂಬೇಡ್ಕರರೂ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿದ 1945ರ ತಮ್ಮ ಗ್ರಂಥದಲ್ಲಿ ‘ಮಿಸ್ಟರ್ ಗಾಂಧಿ’ ಎಂದೇ ಬರೆದರು. ಅದು ಭಿನ್ನಾಭಿಪ್ರಾಯದ ಗುರುತೇ ಹೊರತು ಅಸಭ್ಯತೆಯಲ್ಲ. ರಾಜಕೀಯದಲ್ಲಿ ಭಕ್ತಿಯು ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿಯಾಗುತ್ತದೆಂದು 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರೂ ಅವರೇ. ಆ ಎಚ್ಚರಿಕೆ ಜನ ‘ಬಾಬಾಸಾಹೇಬ’ ಎಂದು ಪ್ರೀತಿಯಿಂದ ಕರೆದ ಅವರಿಗೂ ಅನ್ವಯಿಸದೆ ಇಲ್ಲ.

ಹೀಗೆ ನೋಡಿದರೆ, ಆಳಿಸಿಕೊಳ್ಳುವವರು ಆಳುವವರ ನಡತೆಯನ್ನು ಕಂಡು ಇಡುವ ಹೆಸರು, ಅದೆಷ್ಟೇ ಚುರುಕಾಗಿರಲಿ, ವಿಮರ್ಶೆಯ ಒಂದು ರೂಪ. ಮೇಲೆ ಕುಳಿತವರು ಕೆಳಗಿನವರ ಹುಟ್ಟು, ಬಡತನ, ಜಾತಿಗಳನ್ನು ಹಿಡಿದು ಇಡುವ ಹೆಸರು ಅವಮಾನ. ಹೀಗೆಯೇ ಕರೆಯಬೇಕೆಂದು ಕಟ್ಟಳೆ ಮಾಡಿ ಹೇಳಿಸುವ ಹೆಸರಾದರೋ ಗೌರವದ ವೇಷ ತೊಟ್ಟ ಹೆದರಿಕೆ.

ಕನ್ನಡದ ಮಕ್ಕಳು ‘ಗಾಂಧಿತಾತ’ ಎನ್ನುತ್ತಾರೆ. ಅದರಲ್ಲಿ ಬಿರುದೂ ಇಲ್ಲ, ಬಹುವಚನವೂ ಇಲ್ಲ. ಅದನ್ನು ಯಾವ ಸಭೆಯೂ ಕೂಗಿ ಹೇಳಿಸಬೇಕಾಗಿ ಬರಲಿಲ್ಲ.