ಪಿಯುಸಿ: ನಿಂತ ಗಾಡಿಗೆ ಸಿಗುವ ಚೀಟಿ

ಕರ್ನಾಟಕದಿಂದ ಪುಣೆಗೋ ಮುಂಬೈಗೋ ಬಂದ ಹೊಸತರಲ್ಲಿ ಟ್ರಾಫಿಕ್ ಪೊಲೀಸರು ‘ಪಿಯುಸಿ’ ಕೇಳಿದರೆ ನಮಗೆ ಮೊದಲು ನೆನಪಾಗುವುದು ಎಸ್ಸೆಸ್ಸೆಲ್ಸಿ ನಂತರದ ಎರಡು ವರ್ಷ. ಊರಿನಲ್ಲಿ ನಾವು ‘ಎಮಿಷನ್ ಟೆಸ್ಟ್’ ಎನ್ನುವುದು ಇಲ್ಲಿ ‘ಪೊಲ್ಯೂಷನ್ ಅಂಡರ್ ಕಂಟ್ರೋಲ್’. ಒಂದು ಪರೀಕ್ಷೆಯ ಹೆಸರು, ಇನ್ನೊಂದು ಫಲಿತಾಂಶದ ಹೆಸರು. ಈ ಎರಡರ ನಡುವೆ ಎಷ್ಟು ದೂರವಿದೆ ಎಂಬುದೇ ಈ ಚೀಟಿಯ ಚರಿತ್ರೆ.

ಅದರ ಮೂಲ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ. ಪೆಟ್ರೋಲ್ ಗಾಡಿಯನ್ನು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆಯೆಂದು ಅಳೆಯಬೇಕು. ಆಗಿನ ಮಿತಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಶೇ. 4.5, ಕಾರುಗಳಿಗೆ ಶೇ. 3. ಡೀಸೆಲ್ ಗಾಡಿಯಾದರೆ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆಂದು ನೋಡಬೇಕು. ಅದು ಕಾರ್ಬುರೇಟರ್ ಕಾಲ. ಗಾಳಿ-ಪೆಟ್ರೋಲಿನ ಹದ ತಪ್ಪಿದ್ದರೆ ನಿಂತಲ್ಲೇ ಗೊತ್ತಾಗುತ್ತಿತ್ತು. ಮೆಕ್ಯಾನಿಕ್ ಒಂದು ಸ್ಕ್ರೂ ತಿರುಗಿಸಿ ಸರಿಮಾಡುತ್ತಿದ್ದ. ಆ ಕಾಲಕ್ಕೆ ಅದು ತಕ್ಕ ಪರೀಕ್ಷೆಯೇ.

ಆಮೇಲೆ ಗಾಡಿಗಳು ಬದಲಾದವು. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಹೊಸ ಕಾರುಗಳು ಬಂದವು. 2020ರಲ್ಲಿ ದೇಶಕ್ಕೆಲ್ಲ ಬಿಎಸ್-6 ಬಂತು. 2004ರಲ್ಲಿ ಪಿಯುಸಿ ಮಿತಿಗಳೂ ಬಿಗಿಯಾಗಿ, ಹೈಡ್ರೋಕಾರ್ಬನ್ ಲೆಕ್ಕವೂ ಸೇರಿತು. ಆದರೆ ಗಾಡಿ ಮಾತ್ರ ನಿಂತೇ ಇತ್ತು. ನೈಟ್ರೋಜನ್ ಆಕ್ಸೈಡುಗಳು ಹೆಚ್ಚಾಗುವುದು ಭಾರ ಹೊತ್ತು ಫ್ಲೈಓವರ್ ಏರುವಾಗ, ಎಂಜಿನ್ ಕಾದಾಗ. ಅವುಗಳನ್ನಾಗಲಿ, ಪುಪ್ಪುಸಕ್ಕಿಳಿಯುವ ಸೂಕ್ಷ್ಮ ಕಣಗಳನ್ನಾಗಲಿ ಈ ಪರೀಕ್ಷೆ ಅಳೆಯುವುದಿಲ್ಲ.

ಬೆಳೆದದ್ದು ಚೀಟಿಯ ಅಧಿಕಾರ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಪಿಯುಸಿ ಇಲ್ಲದೆ ವಿಮೆ ನವೀಕರಿಸಬಾರದು ಎಂದಿತು. 2019ರಲ್ಲಿ ದಂಡದ ಮಿತಿ 10,000 ರೂಪಾಯಿಗೆ ಏರಿತು. 2021ರಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ, ಕ್ಯೂಆರ್ ಕೋಡ್ ಬಂದವು. ವಿಮೆಯ ಷರತ್ತನ್ನು ಕೋರ್ಟೇ 2024ರ ಜುಲೈನಲ್ಲಿ ಕೈಬಿಟ್ಟಿತು: ವಿಮೆಯಿಲ್ಲದ ಗಾಡಿ ಡಿಕ್ಕಿ ಹೊಡೆದರೆ ಪರಿಹಾರ ಸಿಗದೆ ನರಳುವವರು ಗಾಯಾಳುಗಳು.

ಹಾಗೆಂದು ಈ ಪರೀಕ್ಷೆ ವ್ಯರ್ಥವಲ್ಲ. ತೀರ ಕೆಟ್ಟ ಎಂಜಿನ್ ಈಗಲೂ ಸಿಕ್ಕಿಬೀಳುತ್ತದೆ. ಆದರೆ ‘ಕಂಟ್ರೋಲ್’ ಎಂಬ ಮಾತು ಯಂತ್ರ ಅಳೆದದ್ದಕ್ಕಿಂತ ದೊಡ್ಡದು. ‘ಎಮಿಷನ್ ಟೆಸ್ಟ್’ ಎಂಬ ನಮ್ಮೂರ ಮಾತೇ ಹೆಚ್ಚು ಪ್ರಾಮಾಣಿಕ. ಮುಂದಿನ ಸಲ ಚೀಟಿ ಕೈಗೆ ಬಂದಾಗ ಶೀರ್ಷಿಕೆ ಬಿಟ್ಟು ಕೆಳಗಿನ ಅಂಕಿಗಳನ್ನು ಓದಿ. ಅಲ್ಲಿ ಯಾವ ಅನಿಲದ ಹೆಸರಿಲ್ಲ ಎಂಬುದನ್ನೂ ನೋಡಿ.