ಕಿರುಮಂತ್ರಗಳ ವಿನಿಯೋಗ: ಪಾತ್ರಧಾರಣೆಯ ಆಟಗಳ ಇತಿಹಾಸದಲ್ಲಿ ಒಂದು ಪ್ರಶ್ನೆ

ಆಟಗಳ ಇತಿಹಾಸವನ್ನು ಬರೆಯಹೊರಟವನಿಗೆ ಆಕರಗಳ ಅಭಾವವು ಮೊದಲ ತೊಡಕಾಗಿ ಎದುರಾಗುತ್ತದೆ. ನಿಯಮಗಳು ಉಳಿಯುತ್ತವೆ, ಆಡಿದ ಆಟ ಉಳಿಯುವುದಿಲ್ಲ. ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿ ಒಬ್ಬನು ಮಧ್ಯಸ್ಥನಾಗಿ ಕಾಲ್ಪನಿಕ ಲೋಕವೊಂದನ್ನು ವರ್ಣಿಸುತ್ತಾನೆ. ಉಳಿದವರು ತಲಾ ಒಂದೊಂದು ಪಾತ್ರವನ್ನು ವಹಿಸಿ, ತಮ್ಮ ಪಾತ್ರವು ಏನು ಮಾಡುವುದೆಂದು ಬಾಯಿಮಾತಿನಲ್ಲಿ ತಿಳಿಸುತ್ತಾರೆ. ಫಲವು ಸಂದಿಗ್ಧವಾದಲ್ಲಿ ದಾಳ ಉರುಳಿಸಿ ನಿರ್ಣಯಿಸುತ್ತಾರೆ. ನಡೆದುದೆಲ್ಲ ಮಾತು, ಮಾತು ಆಡಿದಲ್ಲಿಯೇ ಅಡಗಿಹೋಗುತ್ತದೆ. ಹೀಗಿರುವಾಗ, ಅತ್ಯಲ್ಪವೆಂದು ಎಣಿಸಲಾದ ಮಂತ್ರಗಳನ್ನು ಆಟಗಾರರು ಯಾವ ಯಾವ ಜಾಣ್ಮೆಯಿಂದ ಬಳಸಿದರೆಂಬುದನ್ನು ನಾವು ಎಲ್ಲಿಂದ ತಿಳಿಯಬೇಕು? ನಿಯಮಗ್ರಂಥಗಳ ನಿಷೇಧವಾಕ್ಯಗಳಿಂದ ತಕ್ಕಮಟ್ಟಿಗೆ ತಿಳಿಯಬಹುದೆಂಬುದು ಈ ಲೇಖನದ ವಾದ.

ನಮ್ಮ ದಾನಶಾಸನಗಳನ್ನು ಓದುವವರಿಗೆ ಈ ವಿಧಾನ ಹೊಸದಲ್ಲ. ದತ್ತಿಯನ್ನು ಅಪಹರಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ತಟ್ಟಲೆಂಬ ಶಾಪವು ಶಾಸನದ ಕೊನೆಯಲ್ಲಿದ್ದರೆ, ದತ್ತಿಗಳನ್ನು ಅಪಹರಿಸುವವರು ಇದ್ದರೆಂದೇ ನಾವು ಊಹಿಸುತ್ತೇವೆ.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದುದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್, ಮಿನ್ನೆಸೋಟದ ಡೇವ್ ಆರ್ನೆಸನ್ ಇವರಿಬ್ಬರ ಹೆಸರಿನಲ್ಲಿ ಅದು 1974ರಲ್ಲಿ ಪ್ರಕಟವಾಯಿತು. ಇಬ್ಬರೂ ಯುದ್ಧಕ್ರೀಡೆಗಳಲ್ಲಿ ಪಳಗಿದವರು. ಆರ್ನೆಸನ್ ಭಾಗವಹಿಸುತ್ತಿದ್ದ ಆಟಗಳನ್ನು ನಡೆಸಿದ ಡೇವಿಡ್ ವೆಸ್ಲಿಯವರು, ಚಾರ್ಲ್ಸ್ ಟಾಟನ್ 1880ರಲ್ಲಿ ಪ್ರಕಟಿಸಿದ 'ಸ್ಟ್ರಾಟೆಗೋಸ್' ಎಂಬ ಯುದ್ಧಕ್ರೀಡೆಯ ಗ್ರಂಥದಿಂದ ಒಂದು ಮುಖ್ಯ ತತ್ತ್ವವನ್ನು ಎತ್ತಿಕೊಂಡಿದ್ದರು: ನಿಯಮದಲ್ಲಿ ಹೇಳದ ಕಾರ್ಯವನ್ನೂ ಆಟಗಾರನು ಪ್ರಯತ್ನಿಸಬಹುದು, ಅದರ ಫಲವನ್ನು ಮಧ್ಯಸ್ಥನು ನಿರ್ಣಯಿಸಬೇಕು. ಮಂತ್ರಗಳ ಕಲ್ಪನೆಯಾದರೋ ಬಹುಮಟ್ಟಿಗೆ ಜ್ಯಾಕ್ ವ್ಯಾನ್ಸನ 1950ರ ಕಥಾಗ್ರಂಥ 'ದಿ ಡೈಯಿಂಗ್ ಅರ್ತ್'ನಿಂದ ಬಂದುದು. ಅಲ್ಲಿಯ ಮಾಂತ್ರಿಕನು ಮಂತ್ರವನ್ನು ಪ್ರಯಾಸದಿಂದ ನೆನಪಿನಲ್ಲಿ ತುಂಬಿಕೊಳ್ಳುತ್ತಾನೆ. ಪ್ರಯೋಗಿಸಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ.

ಮಧ್ಯಸ್ಥನ ಸ್ವಾತಂತ್ರ್ಯ, ಮಂತ್ರದ ಅಭಾವ ಇವೆರಡೂ ಕೂಡಿದಲ್ಲಿ ಕಿರುಮಂತ್ರದ ಚಾತುರ್ಯ ಹುಟ್ಟಿತು. 1974ರ ನಿಯಮದಂತೆ ಹೊಸ ಮಾಂತ್ರಿಕನಿಗೆ ಒಂದೇ ಮಂತ್ರ. ಮೊದಲ ಮಟ್ಟದ ಪಟ್ಟಿಯಲ್ಲಿ ಇದ್ದುವು ಎಂಟೇ. ಕವಚ ತೊಡುವಂತಿಲ್ಲ, ಕಠಾರಿಯ ಹೊರತು ಬೇರೆ ಆಯುಧವಿಲ್ಲ. ಇಂಥವನು ತನ್ನ ಒಂದೇ ಮಂತ್ರದಿಂದ ಎರಡು ಮೂರು ಕೆಲಸ ತೆಗೆಯಲು ಯೋಚಿಸದಿದ್ದರೆ ನೆಲಮಾಳಿಗೆಯಿಂದ ಹಿಂದಿರುಗುವ ಆಸೆ ಕಡಮೆಯೇ. ಆ ಗ್ರಂಥದಲ್ಲಿ 'ಲೈಟ್' ಎಂಬುದು ಬೆಳಕು ಬೀರುವ ಮಂತ್ರ, ಅಷ್ಟೇ. ಅದೂ ಹಗಲಿನ ಬೆಳಕಿಗೆ ಸಮನಲ್ಲವೆಂದು ಬರೆದಿದೆ. ಟಾಮ್ ಮೋಲ್ಡ್‌ವೇ ಸಂಪಾದಿಸಿದ 1981ರ ಪ್ರಾಥಮಿಕ ನಿಯಮಗ್ರಂಥಕ್ಕೆ ಬಂದರೆ, ಅದೇ ಮಂತ್ರವನ್ನು ಶತ್ರುವಿನ ಕಣ್ಣುಗಳ ಮೇಲೆ ಪ್ರಯೋಗಿಸಬಹುದೆಂದೂ, ದಾಳದ ಬಲದಿಂದ ಪಾರಾಗದಿದ್ದರೆ ಅವನು ಕುರುಡಾಗುವನೆಂದೂ ಸ್ಪಷ್ಟವಾಗಿ ಹೇಳಿದೆ. ದೀಪವು ಆಯುಧವಾದುದು ಈ ಏಳು ವರ್ಷಗಳ ನಡುವೆ.

ನೀರಿನ ಮಂತ್ರದ ಕಥೆ ಇದಕ್ಕಿಂತಲೂ ಸ್ವಾರಸ್ಯಕರವಾದುದು. 1974ರಲ್ಲಿ 'ಕ್ರಿಯೇಟ್ ವಾಟರ್' ಪುರೋಹಿತ ಪಾತ್ರಕ್ಕೆ ನಾಲ್ಕನೆಯ ಮಟ್ಟದಲ್ಲಿ ದೊರೆಯುತ್ತಿದ್ದ ಗಣ್ಯ ಮಂತ್ರ. ಹನ್ನೆರಡು ಜನರಿಗೂ ಅವರ ಕುದುರೆಗಳಿಗೂ ಒಂದು ದಿನಕ್ಕೆ ಸಾಲುವಷ್ಟು ಕುಡಿಯುವ ನೀರನ್ನು ಅದು ಒದಗಿಸುತ್ತಿತ್ತು. ದಂಡಿನ ಸರಬರಾಜನ್ನು ಲೆಕ್ಕ ಹಾಕುವ ಯುದ್ಧಕ್ರೀಡೆಯ ದೃಷ್ಟಿ ಇಲ್ಲಿ ಎದ್ದು ಕಾಣುತ್ತದೆ. ಮುಂದೆ ಈ ಮಂತ್ರ ಮಟ್ಟದಿಂದ ಮಟ್ಟಕ್ಕೆ ಇಳಿಯುತ್ತ ಬಂದು, 2000ದ ಮೂರನೆಯ ಆವೃತ್ತಿಯಲ್ಲಿ ಶೂನ್ಯಮಟ್ಟಕ್ಕೆ, ಎಂದರೆ ಕಿರುಮಂತ್ರಗಳ ಸಾಲಿಗೆ, ಸೇರಿತು. ಆ ಆವೃತ್ತಿಯನ್ನು ತಿದ್ದಿ 2003ರಲ್ಲಿ ಹೊರತಂದ ಗ್ರಂಥದಲ್ಲಿ ಮಂತ್ರದ ವಿವರಣೆಯ ಕೆಳಗೆ ಒಂದು ಟಿಪ್ಪಣಿಯಿದೆ: ಈ ಜಾತಿಯ ಮಂತ್ರಗಳಿಂದ ಪ್ರಾಣಿಯ ದೇಹದೊಳಗೆ ಯಾವ ದ್ರವ್ಯವನ್ನೂ ಸೃಷ್ಟಿಸಲಾಗದು. ಶತ್ರುವಿನ ಶ್ವಾಸಕೋಶಗಳಲ್ಲಿಯೇ ನೀರು ತುಂಬಿಸಬಹುದಲ್ಲವೇ ಎಂದು ಯಾರೂ ಕೇಳದಿದ್ದಲ್ಲಿ ಈ ಮಾತಿಗೆ ಎಡೆಯೇ ಇರಲಿಲ್ಲ. ಅದೇ ಟಿಪ್ಪಣಿಯು ಒಂದು ಗ್ಯಾಲನ್ ನೀರು ಸುಮಾರು 8 ಪೌಂಡ್ ತೂಗುವುದೆಂದೂ, ಒಂದು ಘನ ಅಡಿಯ ನೀರು ಸುಮಾರು 60 ಪೌಂಡ್ ಎಂದೂ ತಿಳಿಸುತ್ತದೆ. ಬಾಯಾರಿದವನಿಗೆ ನೀರಿನ ತೂಕ ಬೇಕಾಗಿಲ್ಲ. ಅದನ್ನು ಮೇಲಿನಿಂದ ಬೀಳಿಸಲೋ ತಕ್ಕಡಿಯಂಥ ಯಂತ್ರವನ್ನು ಬಾಗಿಸಲೋ ಹವಣಿಸಿದವನಿಗೇ ಅದು ಬೇಕು.

ಈ ವಾದಕ್ಕೆ ಒಂದು ಆಕ್ಷೇಪವುಂಟು. ಗ್ರಂಥಕರ್ತರು ದುರುಪಯೋಗವನ್ನು ತಾವೇ ಮುಂಗಂಡು ತಡೆದಿರಬಹುದು. ಪ್ರತಿಯೊಂದು ನಿಷೇಧದ ಹಿಂದೆಯೂ ನಡೆದ ಘಟನೆಯನ್ನು ಹುಡುಕುವುದು ಸಾಹಸವೇ ಸರಿ. ಆಕ್ಷೇಪ ನ್ಯಾಯವಾದುದು. ಆದರೆ ಆ ಗ್ರಂಥಕರ್ತರೂ ಆಟಗಾರರೇ ಆಗಿದ್ದರೆಂಬುದನ್ನು ಮರೆಯಲಾಗದು. ಇದಕ್ಕಿಂತ ದೊಡ್ಡ ಕೊರತೆ ಬೇರೆಯಿದೆ: ಯಾರಿಗೂ ತೊಂದರೆಯಾಗದ ಜಾಣ್ಮೆಗೆ ನಿಷೇಧವಿರುವುದಿಲ್ಲ. ಕಲ್ಲಿಗೆ ಬೆಳಕಿನ ಮಂತ್ರ ಹಾಕಿ ಹಾಳುಬಾವಿಗೆ ಎಸೆದು ಅದರ ಆಳವನ್ನು ನೋಡಿದವನ ಗುರುತು ನಮಗೆ ಈ ದಾರಿಯಲ್ಲಿ ಸಿಗಲಾರದು.

ಕಿರುಮಂತ್ರಗಳಿಗೆ 'ಕ್ಯಾಂಟ್ರಿಪ್' ಎಂಬ ಪ್ರತ್ಯೇಕ ವರ್ಗವನ್ನು ಕಲ್ಪಿಸಿ ಗೈಗ್ಯಾಕ್ಸ್ 1982ರಲ್ಲಿ 'ಡ್ರ್ಯಾಗನ್' ಪತ್ರಿಕೆಯಲ್ಲಿ ಪ್ರಕಟಿಸಿದನು. 1985ರ 'ಅನರ್ತ್ಡ್ ಆರ್ಕೇನಾ'ದಲ್ಲಿ ಅವು ಒಟ್ಟಾಗಿ ಸೇರಿದುವು. ಗಂಟು ಬಿಚ್ಚುವುದು, ಹಾಲು ಒಡೆಸುವುದು, ಸೀನು ಬರಿಸುವುದು, ಹೆಜ್ಜೆಯ ಸಪ್ಪಳ ಮಾಡುವುದು: ಶಿಷ್ಯನು ಗುರುಮನೆಯಲ್ಲಿ ಕಲಿತ ಅಭ್ಯಾಸಗಳೆಂಬ ನೆಪದಲ್ಲಿ ಬಂದ ಇವುಗಳಲ್ಲಿ ನಾಲ್ಕನ್ನು ಮೊದಲ ಮಟ್ಟದ ಒಂದು ಮಂತ್ರಕ್ಕೆ ಬದಲಾಗಿ ಪಡೆಯಬಹುದಿತ್ತು. ಬಾಗಿಲ ಕಾವಲುಗಾರನು ಒಮ್ಮೆ ಸೀನಿದರೆ ಏನೇನಾಗಬಹುದೆಂಬುದನ್ನು ಮಾತ್ರ ಗ್ರಂಥವು ಆಟಗಾರನಿಗೇ ಬಿಟ್ಟಿತು. ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ಉದಾರವಾಗಿ ಕಾಣುವುದು ಈ ಪಟ್ಟಿಯೇ.

ಬಳಿಕ ಬಂದ ಆವೃತ್ತಿಗಳಲ್ಲಿ ಬೇಲಿ ಹೆಚ್ಚಿತು. 2000ದ 'ಪ್ರೆಸ್ಟಿಡಿಜಿಟೇಷನ್' ಸಣ್ಣ ವಸ್ತುಗಳನ್ನು ಸೃಷ್ಟಿಸಬಲ್ಲದು; ಆದರೆ ಅವು ಒರಟಾದುವು, ಸುಲಭವಾಗಿ ಮುರಿಯುವಂಥವು, ಉಪಕರಣವಾಗಿಯೂ ಆಯುಧವಾಗಿಯೂ ಒದಗಲಾರವು. 2014ರ ಐದನೆಯ ಆವೃತ್ತಿಯಲ್ಲಿ ಕಿರುಮಂತ್ರಗಳನ್ನು ಎಷ್ಟು ಸಲ ಬೇಕಾದರೂ ಪ್ರಯೋಗಿಸಬಹುದು. ಅಭಾವವು ಅಲ್ಲಿಗೆ ಕೊನೆಗೊಂಡಿತು. ಅದರ ಬೆಲೆಯನ್ನು ನಿಷೇಧಗಳಲ್ಲಿ ತೆರಬೇಕಾಯಿತು. 'ಮೇಜ್ ಹ್ಯಾಂಡ್' ಎಂಬ ಮಾಯಾಹಸ್ತವು 10 ಪೌಂಡಿಗಿಂತ ಹೆಚ್ಚು ಹೊರಲಾರದು, ಹೊಡೆಯಲಾರದು, ಮಂತ್ರಶಕ್ತಿಯುಳ್ಳ ವಸ್ತುಗಳನ್ನು ಚಾಲನೆಗೊಳಿಸಲಾರದು. ಅತ್ತ 'ಫೈರ್ ಬೋಲ್ಟ್' ಎಂಬ ಬೆಂಕಿಯ ಕಿರುಮಂತ್ರವು ಲೆಕ್ಕವಿಲ್ಲದೆ ಕೈಗೆ ಸಿಕ್ಕುವುದರಿಂದ, ಬೆಳಕಿನ ಮಂತ್ರವನ್ನು ಆಯುಧವಾಗಿಸುವ ಪ್ರಮೇಯವೇ ಹೊಸ ಮಾಂತ್ರಿಕನಿಗೆ ಒದಗುವುದಿಲ್ಲ. ಆ ಮಂತ್ರವೂ 2014ರ ಗ್ರಂಥದಲ್ಲಿ ಮುಟ್ಟಿದ ವಸ್ತುವಿಗೆ ಮಾತ್ರ ಸಲ್ಲುತ್ತದೆ. ಶತ್ರುವಿನ ಕಣ್ಣಿನ ಪ್ರಸ್ತಾಪ ಅಲ್ಲಿಲ್ಲ.